ಗ್ರಾಹಕರ ಮೊಬೈಲ್ ಸಂಖ್ಯೆ ಮತ್ತು ಬ್ಲಾಕ್‌ಚೈನ್ ಖಾತೆವಹಿ

ಯುಗಾದಿ, ದೀಪಾವಳಿ ಸಮೀಪಿಸಿದೊಡನೆ ಬೆಟಗೇರಿಯ ಸೀರೆ ಅಂಗಡಿಯಿಂದ ಹಿಡಿದು ಮುಂಡರಗಿಯ ಪತ್ತಿನ ಸಹಕಾರ ಸಂಘದವರೆಗೆ ಎಲ್ಲರೂ ಗ್ರಾಹಕರಿಗೆ ಮೊಬೈಲ್ ಸಂದೇಶ ಕಳುಹಿಸುವುದು ರೂಢಿಯಾಗಿದೆ. ಏಕಕಾಲಕ್ಕೆ ನೂರಾರು ಜನರಿಗೆ ಹೋಗುವ ಇಂಥ ನೋಂದಾಯಿತ ಸಂದೇಶವು ತಲುಪುವ ಮುನ್ನ ಬ್ಲಾಕ್‌ಚೈನ್ ಮಾದರಿಯ ಖಾತೆವಹಿಯೊಂದನ್ನು ಹಾದುಹೋಗುತ್ತದೆಂಬುದನ್ನು ಅನೇಕ ವರ್ತಕರು ಗಮನಿಸಿದಂತಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರ ಜುಲೈನಲ್ಲಿ ಹೊರಡಿಸಿದ ನಿಯಮಾವಳಿ ಇದಕ್ಕೆ ಆಧಾರ. ಬ್ಲಾಕ್‌ಚೈನ್ ಎಂದೊಡನೆ ಬಿಟ್‌ಕಾಯಿನ್ ನೆನಪಾಗುವುದು ಸಹಜ. ಅಲ್ಲಿ ಯಾರು ಬೇಕಾದರೂ ಪ್ರವೇಶಿಸಬಹುದು. ಇಲ್ಲಿ ಅನುಮತಿ ಪಡೆದವರಿಗಷ್ಟೇ ಪ್ರವೇಶ. ಗದಗ ಮಾರುಕಟ್ಟೆಯಲ್ಲಿ ಹೆಸರುಕಾಳು ಮಾರಾಟವಾದರೆ ತೂಕ, ದರಗಳು ದಲಾಲರ, ಖರೀದಿದಾರರ ಹಾಗೂ ಸಮಿತಿಯ ಪುಸ್ತಕಗಳಲ್ಲಿ ಬೇರೆಬೇರೆಯಾಗಿ ದಾಖಲಾಗುತ್ತವೆ. ಒಬ್ಬರು ತಿದ್ದಿದರೆ ಉಳಿದ ಪುಸ್ತಕಗಳೇ ಸಾಕ್ಷಿ. ಮೊಬೈಲ್ ಕಂಪನಿಗಳು ಹಂಚಿಕೊಂಡಿರುವ ಈ ವಹಿಯೂ ಹಾಗೆಯೇ. ವರ್ತಕನ ಹೆಸರು, ಸಂದೇಶದ ಶಿರೋನಾಮ, ಒಕ್ಕಣೆಯ ಮಾದರಿ ಎಲ್ಲವೂ ಅದರಲ್ಲಿ ನೋಂದಣಿಯಾಗಿರಬೇಕು.

ಸ್ವಾರಸ್ಯವಿರುವುದು ಗೌಪ್ಯತೆಯ ಏರ್ಪಾಟಿನಲ್ಲಿ. ಹಿಂದಿನ 2010ರ ವ್ಯವಸ್ಥೆಯಲ್ಲಿ ‘ಜಾಹೀರಾತು ಬೇಡ’ ಎಂದವರ ಸಂಖ್ಯೆಗಳ ಪಟ್ಟಿಯನ್ನು ನೋಂದಾಯಿತ ಟೆಲಿಮಾರ್ಕೆಟಿಂಗ್ ಸಂಸ್ಥೆಗಳು ಪಡೆದುಕೊಳ್ಳಬಹುದಾಗಿತ್ತು. ಬೆಕ್ಕಿನ ಕೈಗೆ ಹಾಲಿನ ಲೆಕ್ಕ ಕೊಟ್ಟಂತೆ! ಹೊಸ ವ್ಯವಸ್ಥೆಯಲ್ಲಿ ಆ ಪಟ್ಟಿ ಹೊರಗೆ ಹೋಗುವುದಿಲ್ಲ. ವರ್ತಕನ ಪಟ್ಟಿಯೇ ಒಳಗೆ ಬಂದು ಸೋಸಲ್ಪಡುತ್ತದೆ. ಯಾವ ಗ್ರಾಹಕ ಏನನ್ನು ನಿರಾಕರಿಸಿದ್ದಾನೆಂಬುದು ಕಳುಹಿಸುವವನಿಗೆ ತಿಳಿಯದಂತೆ ಸಂಖ್ಯೆಗಳಿಗೆ ಬದಲಾಗಿ ಸಂಕೇತಗಳನ್ನು ಬಳಸಲು ನಿಯಮಾವಳಿ ಅವಕಾಶವಿತ್ತಿದೆ.

ಆರಂಭ ಸುಗಮವಾಗಿರಲಿಲ್ಲ. 2021ರ ಮಾರ್ಚ್ 8ರಂದು ಸೋಸುವಿಕೆ ಕಡ್ಡಾಯವಾದೊಡನೆ ಬ್ಯಾಂಕುಗಳ ಒಟಿಪಿಗಳೇ ದೇಶಾದ್ಯಂತ ಸ್ಥಗಿತಗೊಂಡವು. ಮರುದಿನವೇ ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು.

ಸಣ್ಣ ವ್ಯಾಪಾರಿಗೆ ನಿಜವಾದ ಅಪಾಯವಿರುವುದು ಬೇರೆಡೆ. ಲಕ್ಷ್ಮೇಶ್ವರ, ಶಿರಹಟ್ಟಿಯಂಥ ಊರುಗಳಲ್ಲಿ ನೋಂದಣಿಯ ಗೊಡವೆಯೇ ಬೇಡವೆಂದು ಸ್ವಂತ ಹತ್ತಂಕಿಯ ಸಂಖ್ಯೆಯಿಂದಲೇ ಜಾಹೀರಾತು ಕಳುಹಿಸುವವನು 2025ರ ಫೆಬ್ರುವರಿ ತಿದ್ದುಪಡಿಯನ್ನು ಓದಿಕೊಳ್ಳಬೇಕು. ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೆ ಕ್ರಮಕ್ಕೆ ದಾರಿಯಾಗುತ್ತದೆ. ಮೊದಲ ತಪ್ಪಿಗೆ 15 ದಿನ ಹೊರಕರೆ ಬಂದ್. ಮತ್ತೆ ತಪ್ಪಿದರೆ ಅವನ ಎಲ್ಲ ಸಂಪರ್ಕಗಳೂ ಒಂದು ವರ್ಷ ಕಡಿತ. ಸುಗ್ಗಿಯ ಕಾಲದಲ್ಲಿ ಅಡತಿ ಅಂಗಡಿಯ ಫೋನು ಬಂದಾದರೆ ವ್ಯಾಪಾರ ಎಷ್ಟು ಉಳಿದೀತು?

ಈ ವಹಿಗೂ ಮಿತಿಯುಂಟು. ವಾಟ್ಸಾಪ್ ಸಂದೇಶಗಳು ಇದರ ಕಣ್ಣಿಗೆ ಬೀಳುವುದಿಲ್ಲ. ಗ್ರಾಹಕರ ಪಟ್ಟಿಯನ್ನು ಪಡೆದ ಏಜೆಂಟನು ಅದನ್ನು ನಕಲು ಮಾಡಿಕೊಂಡು ಎದುರಂಗಡಿಗೆ ಮಾರಿದರೆ ತಡೆಯುವ ಶಕ್ತಿಯೂ ಇದಕ್ಕಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟಗೊಂಡಿದ್ದು, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಅದರಂತೆ ಪಟ್ಟಿ ಏಜೆಂಟನ ಕೈಯಲ್ಲಿದ್ದರೂ ಗ್ರಾಹಕನಿಗೆ ಉತ್ತರದಾಯಿ ವರ್ತಕನೇ. ಆದುದರಿಂದ ಏಜೆಂಟನೊಡನೆ ಲಿಖಿತ ಕರಾರು ಮಾಡಿಕೊಂಡು, ಕೆಲಸ ಮುಗಿದೊಡನೆ ಪಟ್ಟಿಯನ್ನು ಅಳಿಸತಕ್ಕದ್ದೆಂಬ ಷರತ್ತನ್ನು ಅದರಲ್ಲಿ ಸೇರಿಸುವುದು ಒಳಿತು.