ಯಂತ್ರದ ಮುಂದೆ ಕೈಬೆರಳು



ಚನ್ನಪಟ್ಟಣದ ಬಣ್ಣದ ಬೊಂಬೆಗಳನ್ನು ನೀವು ನೋಡಿಯೇ ಇರುತ್ತೀರಿ. ಅವು ಹೇಗೆ ತಯಾರಾಗುತ್ತವೆ ಬಲ್ಲಿರಾ? ಹಾಲೆ ಮರದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಉಳಿ ಹಿಡಿದರೆ ಆಕಾರ ಬರುತ್ತದೆ. ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಬಣ್ಣ ಹತ್ತುತ್ತದೆ. ಕೇದಗೆಯ ಗರಿ ಹಿಡಿದರೆ ಹೊಳಪು ಬರುತ್ತದೆ. ಈ ಪ್ರತಿಯೊಂದು ಹಂತದಲ್ಲೂ ಕುಶಲಕರ್ಮಿಯ ಬೆರಳು ತಿರುಗುವ ಮರದ ಪಕ್ಕದಲ್ಲೇ ಇರುತ್ತದೆ.

ಎಚ್ಚರಿಕೆಯಿಂದ ಇದ್ದರೆ ಸಾಲದೇ ಎಂದು ನೀವು ಕೇಳಬಹುದು. ಒಂದು ಸಣ್ಣ ಲೆಕ್ಕ ಮಾಡೋಣ. ಯಂತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಸುತ್ತು. ಅಪಾಯ ಕಂಡು ಕೈ ಹಿಂದಕ್ಕೆ ಎಳೆದುಕೊಳ್ಳಲು ನಮಗೆ ಸುಮಾರು ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ಯಂತ್ರ 6 ಸುತ್ತು ಮುಗಿಸಿರುತ್ತದೆ. ಮರದ ತುಂಡು 5 ಸೆಂಟಿಮೀಟರ್ ದಪ್ಪವಿದ್ದರೆ ಸುಮಾರು ಒಂದು ಮೀಟರ್ ಬಟ್ಟೆ ಅದಕ್ಕೆ ಸುತ್ತಿಕೊಂಡಿರುತ್ತದೆ! ಸೆರಗು, ದುಪಟ್ಟಾ, ಸಡಿಲ ತೋಳು ಸಿಕ್ಕರೆ ಕೈಯೂ ಅದರ ಜೊತೆಗೇ ಹೋಗುತ್ತದೆ. ಲೇತ್ ಮುಂದೆ ಕೈಗವಸು ಹಾಕಬಾರದು ಎನ್ನುವುದೂ ಇದಕ್ಕಾಗಿಯೇ. ರಕ್ಷಿಸಬೇಕಾದ ಕೈಗವಸೇ ಬೆರಳನ್ನು ಒಳಗೆ ಎಳೆಯುತ್ತದೆ.

ಆದ್ದರಿಂದ ಸುರಕ್ಷತೆಯನ್ನು ಕೆಲಸಗಾರನ ಎಚ್ಚರಕ್ಕಷ್ಟೇ ಬಿಡಲಾಗದು. ಬೆಲ್ಟು ಮತ್ತು ಚಕ್ರಗಳಿಗೆ ಮುಚ್ಚಳ, ಕೈಗೆಟಕುವ ಸ್ವಿಚ್ಚು, ಕಣ್ಣಿಗೆ ಕನ್ನಡಕ, ಸಾಕಷ್ಟು ಬೆಳಕು, ಇವು ಯಂತ್ರದ ಭಾಗಗಳೇ ಆಗಬೇಕು.

ಇನ್ನು ಪಕ್ಕದ ರಾಮನಗರಕ್ಕೆ ಬನ್ನಿ. ಇಲ್ಲಿನ ಹೆಸರಾಂತ ರೇಷ್ಮೆಗೂಡಿನ ಮಾರುಕಟ್ಟೆಗೆ ಕನಕಪುರ, ಮಾಗಡಿ ಕಡೆಯ ರೈತರೂ ಗೂಡು ತರುತ್ತಾರೆ. ಗೂಡಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿಟ್ಟಿರುತ್ತದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಅಂಟು ಸಡಿಲಿಸಿ, ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಬೇಕು. ಎಳೆ ಬೆರಳಿಗೆ ತಿಳಿಯಬೇಕಾದ್ದರಿಂದ ಬರಿಗೈ ಬಿಸಿನೀರಿಗೆ ಇಳಿಯುತ್ತದೆ. ದಿನವಿಡೀ ನೆನೆದ ಚರ್ಮ ಸುಲಿದು ಹುಣ್ಣಾಗುತ್ತದೆ. ಮಕ್ಕಳ ಕೈಗಳೂ ಈ ಕೆಲಸದಲ್ಲಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿ ಮಾಡಿತ್ತು. ಪರಿಹಾರ ಇಲ್ಲಿಯೂ ಯಂತ್ರದಲ್ಲೇ ಇದೆ. ಸ್ವಯಂಚಾಲಿತ ನೂಲು ಬಿಚ್ಚುವ ಯಂತ್ರದಲ್ಲಿ ತುದಿ ಹುಡುಕುವ ಕೆಲಸವನ್ನು ಕುಂಚವೇ ಮಾಡುತ್ತದೆ.

ಕಾನೂನು ಏನು ಹೇಳುತ್ತದೆ? ಚಲಿಸುವ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ವಿದ್ಯುತ್ ಬಳಸುವ ಕಡೆ 10 ಕೆಲಸಗಾರರಿದ್ದರೆ ಅದನ್ನು ಕಾರ್ಖಾನೆ ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಈ ಸಂಖ್ಯೆ 20ಕ್ಕೆ ಏರಿದೆ. ಮನೆಯ ಹಿಂಬದಿಯಲ್ಲಿ ನಾಲ್ಕೈದು ಜನ ದುಡಿಯುವ ಕಾರ್ಯಾಗಾರ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಯಂತ್ರ ತಲೆ ಎಣಿಸಿ ಬೆರಳು ಕತ್ತರಿಸುವುದಿಲ್ಲ.

ಬೆರಳಿನ ಬೆಲೆ ಎಷ್ಟು? 1923ರ ಪರಿಹಾರ ಕಾಯ್ದೆಯ ಪಟ್ಟಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇಕಡ 30, ತೋರುಬೆರಳು ಪೂರ್ತಿ ಹೋದರೆ ಶೇಕಡ 14 ನಷ್ಟವೆಂದು ಎಣಿಸಿತು. ಉಳಿ ಹಿಡಿದೇ ಬದುಕುವವನಿಗೆ ಹೆಬ್ಬೆರಳಿಲ್ಲದ ಕೈಯಲ್ಲಿ ಎಷ್ಟು ಶಕ್ತಿ ಉಳಿದೀತು, ನೀವೇ ಯೋಚಿಸಿ.

ಅವಘಡವಾದಾಗ ನಿಮ್ಮಿಂದಲೂ ಸಹಾಯ ಸಾಧ್ಯ. ಮೊದಲು ಯಂತ್ರದ ವಿದ್ಯುತ್ ನಿಲ್ಲಿಸಿ. ರಕ್ತ ಸೋರುವ ಕಡೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ಬಿಸಿನೀರಿನಿಂದ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಇಂಕು, ಟೂತ್‌ಪೇಸ್ಟು ಹಚ್ಚಬೇಡಿ.

ಮುಂದಿನ ಬಾರಿ ಇಂಥ ಕಾರ್ಯಾಗಾರಕ್ಕೆ ಹೋದಾಗ ಬೊಂಬೆಯ ಅಂದದ ಜೊತೆಗೆ ಬೆಲ್ಟಿಗೆ ಮುಚ್ಚಳ ಇದೆಯೇ ಎಂಬುದನ್ನೂ ನೋಡಿ. ಇಲ್ಲದಿದ್ದರೆ ಯಾಕಿಲ್ಲವೆಂದು ವಿನಯದಿಂದ ಕೇಳಿ.