ಬಟ್ಟೆ ಒಣಗದ ದಿನ ಬೆವರೂ ಒಣಗುವುದಿಲ್ಲ

ಆಗಸ್ಟ್ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಸಿಟಿಯ ಯಾವ ಕ್ಲಸ್ಟರ್‌ನಲ್ಲಿ ಬೇಕಾದರೂ ನೋಡಿ, ಚೈನಾ ಆಗಲಿ, ಫ್ರಾನ್ಸ್ ಆಗಲಿ, ಮೊರಾಕೊ ಆಗಲಿ. ರಾತ್ರಿ ಹತ್ತಕ್ಕೆ ಬಾಲ್ಕನಿಯಲ್ಲಿ ಹಾಕಿದ ಟೀಶರ್ಟ್ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗಲೂ ಹಸಿ ಹಸಿಯಾಗಿಯೇ ಇರುತ್ತದೆ. ಅದೇ ಟೀಶರ್ಟ್, ಅದೇ ಹಗ್ಗ, ಮೇ ತಿಂಗಳ ಮಧ್ಯಾಹ್ನವಾದರೆ ಸ್ವಲ್ಪ ಹೊತ್ತಿನಲ್ಲೇ ಗರಿಗರಿ. ಮೇ ತಿಂಗಳ ಬಿಸಿಯೇನು ಕಡಿಮೆ ಅಲ್ಲ. 2025ರ ಮೇ 24ರಂದು ಅಲ್ ಐನ್ ಕಡೆಯ ಸ್ವೇಹಾನ್‌ನಲ್ಲಿ 51.6 ಡಿಗ್ರಿ ದಾಖಲಾಗಿತ್ತು.

ನಮ್ಮ ಭಾಷೆಯಲ್ಲಿ ಇದಕ್ಕೆ ಎರಡು ಬೇರೆ ಬೇರೆ ಮಾತುಗಳೇ ಇವೆ. ಕಲಬುರಗಿ, ರಾಯಚೂರಿನವರು ‘ಬಿಸಿಲು’ ಅನ್ನುತ್ತಾರೆ. ಮಂಗಳೂರು, ಉಡುಪಿ, ಕಾಸರಗೋಡಿನವರು ‘ಸೆಕೆ’ ಅನ್ನುತ್ತಾರೆ. ಒಂದು ಸುಡುತ್ತದೆ, ಇನ್ನೊಂದು ಬೇಯಿಸುತ್ತದೆ. ದುಬೈಯಲ್ಲಿ ಎರಡೂ ಇವೆ, ಕೆಲವೊಮ್ಮೆ ಒಂದೇ ದಿನದಲ್ಲಿ. ಹೊರಗಡೆ ಕೆಲಸ ಮಾಡುವವರಿಗೆ ಇವುಗಳ ವ್ಯತ್ಯಾಸ ಗೊತ್ತಿರುವುದು ಜೀವದ ಪ್ರಶ್ನೆ.

ಗಾಳಿ ಕಾಯುವುದು ಕೆಳಗಿನಿಂದ

ಸೂರ್ಯನ ಬೆಳಕು ಗಾಳಿಯನ್ನು ನೇರವಾಗಿ ಕಾಯಿಸುವುದು ಸ್ವಲ್ಪವೇ. ಬೆಳಕಿನ ಸುಮಾರು ಅರ್ಧ ಪಾಲು ಗಾಳಿಯನ್ನು ದಾಟಿ ನೆಲಕ್ಕೆ, ಸಮುದ್ರಕ್ಕೆ ಸೇರುತ್ತದೆ. ಮೊದಲು ಕಾಯುವುದು ಮರಳು, ಡಾಂಬರು, ಕಾಂಕ್ರೀಟು. ಅವು ಗಾಳಿಯನ್ನು ಕಾಯಿಸುತ್ತವೆ. ಒಲೆ ಕೆಳಗಿದೆ, ಪಾತ್ರೆ ಮೇಲಿದೆ ಅಂದುಕೊಳ್ಳಿ. ಅದಕ್ಕೇ ಎತ್ತರಕ್ಕೆ ಹೋದಷ್ಟೂ ತಂಪು: ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯೂ ರಾಸ್ ಅಲ್ ಖೈಮಾದ ಜೆಬೆಲ್ ಜೈಸ್ ಬೆಟ್ಟವೂ ಹೆಚ್ಚು ಕಡಿಮೆ ಒಂದೇ ಎತ್ತರ, ಸುಮಾರು 1,900 ಮೀಟರ್. ಕೆಳಗೆ ಬೆವರು ಸುರಿಯುತ್ತಿರುವಾಗ ಎರಡೂ ಕಡೆ ಮೇಲೆ ತಂಪು ಗಾಳಿ.

ಸೂರ್ಯ ನೆತ್ತಿಯ ಮೇಲೆ ಬರುವುದು ಮಧ್ಯಾಹ್ನ ಹನ್ನೆರಡರ ಆಸುಪಾಸಿಗೆ. ಆದರೂ ಸೆಖೆಯೇ ಆಗಲಿ ಉರಿಯೇ ಆಗಲಿ ಹೆಚ್ಚೆನಿಸುವುದು ಎರಡು, ಮೂರು ಗಂಟೆಗೆ. ಕಾರಣ ಇದೇ. ನೆಲ ಬಿಸಿಲನ್ನು ಹೀರಿಕೊಳ್ಳುತ್ತಲೇ ಇರುತ್ತದೆ, ಗಾಳಿ ಹಿಂದಿನಿಂದ ನಿಧಾನವಾಗಿ ಕಾಯುತ್ತದೆ.

ಬಿಸಿ ಹೋಗುವ ನಾಲ್ಕು ದಾರಿ

ಬಿಸಿಲಲ್ಲಿ ಬಿದ್ದ ಸ್ಟೀಲ್ ರಾಡ್ ಮುಟ್ಟಿದರೆ ಕೈ ಸುಡುತ್ತದೆ. ಮುಟ್ಟಿದ ವಸ್ತುವಿನಿಂದ ಮುಟ್ಟಿದ ವಸ್ತುವಿಗೆ ಬಿಸಿ ಹೋಗುವುದು, ಇದು ವಹನ.

ಕಾದ ಗಾಳಿ ಹಗುರಾಗಿ ಮೇಲೇರುತ್ತದೆ, ತಂಪು ಗಾಳಿ ಆ ಜಾಗಕ್ಕೆ ಬರುತ್ತದೆ. ಇದು ಸಂವಹನ. ಹಗಲಲ್ಲಿ ಮರಳು ಸಮುದ್ರಕ್ಕಿಂತ ಬೇಗ ಕಾಯುವುದರಿಂದ ಸಮುದ್ರದ ಗಾಳಿ ಒಳನಾಡಿಗೆ ನುಗ್ಗುತ್ತದೆ. ಅಲ್ ಫಾಹಿದಿಯ ಹಳೇ ಮನೆಗಳ ಮೇಲಿನ ಬರ್ಜೀಲ್ ಗೋಪುರಗಳನ್ನು ನೋಡಿದ್ದೀರಲ್ಲ? ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯ ಅದು. ಕರೆಂಟ್ ಇಲ್ಲದ ಕಾಲದ ಎಸಿ ಅನ್ನಬಹುದು.

ಸೂರ್ಯ ಮುಳುಗಿದ ಮೇಲೂ ಪಶ್ಚಿಮದ ಗೋಡೆಯ ಹತ್ತಿರ ನಿಂತರೆ ಮುಖಕ್ಕೆ ಶಾಖ ಹೊಡೆಯುತ್ತದೆ. ಮುಟ್ಟದೆಯೇ, ಗಾಳಿ ಬೀಸದೆಯೇ ಬರುವ ಈ ಶಾಖ ವಿಕಿರಣ.

ನಾಲ್ಕನೆಯದು ನೀರಿನ ದಾರಿ. ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಆವಿ ಮತ್ತೆ ನೀರಾಗುವಾಗ ಆ ಬಿಸಿಯನ್ನು ಬಿಟ್ಟುಕೊಡುತ್ತದೆ. ಗುಡುಗು ಮಳೆಯ ಶಕ್ತಿ ಬರುವುದು ಇಲ್ಲಿಂದಲೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ಆವಿಯನ್ನು ಹಿಡಿದಿಡಬಲ್ಲದು. 2024ರ ಏಪ್ರಿಲ್ 16ರ ಮಳೆಯನ್ನು ನಾವ್ಯಾರೂ ಮರೆತಿಲ್ಲ. ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ ಒಂದು ದಿನವೂ ತುಂಬುವ ಮೊದಲೇ 254 ಮಿಲಿಮೀಟರ್ ಸುರಿಯಿತು. 1949ರಲ್ಲಿ ದಾಖಲೆ ಇಡಲು ಶುರುಮಾಡಿದ ಮೇಲೆ ಈ ದೇಶ ಕಂಡ ಅತಿ ದೊಡ್ಡ ಮಳೆ.

ರಾತ್ರಿ ಯಾಕೆ ತಣ್ಣಗಾಗುವುದಿಲ್ಲ?

ನಮ್ಮ ಗಾಳಿಯಲ್ಲಿ ಶೇಕಡ 78 ನೈಟ್ರೋಜನ್, 21 ಆಮ್ಲಜನಕ. ಈ ಎರಡೂ ನೆಲದ ಶಾಖವನ್ನು ತಡೆಯುವುದಿಲ್ಲ. ತಡೆಯುವುದು ಚೂರುಪಾರು ಇರುವವು: ನೀರಾವಿ, ಮತ್ತು ಶೇಕಡ 0.04ರಷ್ಟಿರುವ ಕಾರ್ಬನ್ ಡೈಆಕ್ಸೈಡ್. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಹೆಂಗಸು ಗಾಜಿನ ಕೊಳವೆಗಳನ್ನು ಬಿಸಿಲಲ್ಲಿಟ್ಟು, ತೇವದ ಗಾಳಿಯೂ ಕಾರ್ಬನ್ ಡೈಆಕ್ಸೈಡೂ ಬೇರೆ ಗಾಳಿಗಿಂತ ಹೆಚ್ಚು ಕಾಯುತ್ತವೆ ಎಂದು ತೋರಿಸಿದರು. ಮೂರು ವರ್ಷದ ನಂತರ ಜಾನ್ ಟಿಂಡಾಲ್ ಎಂಬ ವಿಜ್ಞಾನಿ, ಈ ಅನಿಲಗಳು ಶಾಖದ ಕಿರಣಗಳನ್ನೇ ಹೀರುತ್ತವೆ ಎಂದು ಅಳೆದು ತೋರಿಸಿದರು.

ಒಣ ಮರುಭೂಮಿಯಲ್ಲಿ ರಾತ್ರಿ ನೆಲದ ಶಾಖ ಸಲೀಸಾಗಿ ಆಕಾಶಕ್ಕೆ ಹೋಗುತ್ತದೆ, ಹಾಗಾಗಿ ಅಲ್ಲಿ ಹಗಲು ಕೆಂಡ, ರಾತ್ರಿ ತಂಪು. ದುಬೈ ಕಡಲ ತೀರದಲ್ಲಿದೆ. ಬೇಸಿಗೆಯಲ್ಲಿ ಇಲ್ಲಿನ ಸಮುದ್ರದ ನೀರೇ 32 ಡಿಗ್ರಿ ದಾಟುತ್ತದೆ. ಅದರಿಂದೆದ್ದ ಆವಿ ಊರಿನ ಮೇಲೆ ಕಂಬಳಿ ಹೊದಿಸುತ್ತದೆ. ಕಾಂಕ್ರೀಟು ಹಗಲೆಲ್ಲ ಕೂಡಿಟ್ಟ ಬಿಸಿಯನ್ನು ರಾತ್ರಿ ಬಿಡುತ್ತದೆ. ಒಂದೊಂದು ಎಸಿಯೂ ಕೋಣೆಯ ಬಿಸಿಯನ್ನು ಬೀದಿಗೆ ಎಸೆಯುತ್ತದೆ. ಆ ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರು ಎಲ್ಲಿಯದು? ನಿಮ್ಮ ಕೋಣೆಯ ಗಾಳಿಯಲ್ಲೇ ಇದ್ದದ್ದು. ನಾವು ಎಷ್ಟು ನೀರಿನ ನಡುವೆ ಮಲಗುತ್ತೇವೆ ಅನ್ನುವುದಕ್ಕೆ ಅದೇ ಸಾಕ್ಷಿ.

ಸೆಕೆಯ ಲೆಕ್ಕ

ಮೈಯೊಳಗಿನ ಬಿಸಿ 37 ಡಿಗ್ರಿ, ಚರ್ಮದ್ದು ಸುಮಾರು 35. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದ ಮೇಲೆ ಮೊದಲ ಮೂರು ದಾರಿಗಳೂ ತಿರುಗಿ ಬೀಳುತ್ತವೆ, ಅಂದರೆ ಬಿಸಿ ಹೊರಗಿನಿಂದ ಒಳಕ್ಕೆ ಬರುತ್ತದೆ. ಉಳಿಯುವುದು ಬೆವರೊಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೋಗುತ್ತದೆ. ಆದರೆ ಆವಿಯಾಗಬೇಕು. ಸುರಿದು ನೆಲಕ್ಕೆ ಬಿದ್ದ ಬೆವರು ತಂಪು ಕೊಡುವುದಿಲ್ಲ, ನೀರು ಉಪ್ಪು ಮಾತ್ರ ಖರ್ಚು.

ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಸಿಗುವ ಲೆಕ್ಕಕ್ಕೆ ‘ಆರ್ದ್ರ ಉಷ್ಣಾಂಶ’ ಅನ್ನುತ್ತಾರೆ. ಬೆವರಿದ ಮೈ ಎಷ್ಟರ ಮಟ್ಟಿಗೆ ತಂಪಾಗಬಹುದು ಎಂದು ಅದು ಹೇಳುತ್ತದೆ. 45 ಡಿಗ್ರಿ ಇದ್ದು ತೇವಾಂಶ ಶೇಕಡ 20 ಇದ್ದರೆ ಅದು ಸುಮಾರು 26. ಬರೀ 36 ಡಿಗ್ರಿ ಇದ್ದು ತೇವಾಂಶ 75 ಇದ್ದರೆ ಸುಮಾರು 32! ಈ ಲೆಕ್ಕ 35 ಮುಟ್ಟಿದರೆ ಆರೋಗ್ಯವಂತನೂ ನೆರಳಲ್ಲಿ ಸುಮ್ಮನೆ ಕೂತರೂ ಕೆಲವು ಗಂಟೆಗಿಂತ ಹೆಚ್ಚು ತಡೆಯಲಾರ ಎಂದು ವಿಜ್ಞಾನಿಗಳು ಹೇಳುತ್ತಿದ್ದರು. ದುಡಿಯುವ ಮೈಗೆ ಅಪಾಯ ಅದಕ್ಕಿಂತ ಎಷ್ಟೋ ಮೊದಲೇ ಶುರು. ರಾಸ್ ಅಲ್ ಖೈಮಾದಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ 35 ದಾಟಿದ ದಾಖಲೆಗಳಿವೆ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು.

ಆದ್ದರಿಂದ ಮೊಬೈಲ್‌ನಲ್ಲಿ ಡಿಗ್ರಿ ನೋಡಿ ‘ಇವತ್ತು ಬರೀ 36, ಪರವಾಗಿಲ್ಲ’ ಅನ್ನಬೇಡಿ. ಪಕ್ಕದಲ್ಲಿರುವ ತೇವಾಂಶವನ್ನೂ ನೋಡಿ. ಇಲ್ಲವೇ ಹಗ್ಗದ ಮೇಲಿನ ಬಟ್ಟೆಯನ್ನು ಮುಟ್ಟಿ ನೋಡಿ. ಅದು ಒಣಗದ ದಿನ ನಿಮ್ಮ ಬೆವರೂ ಒಣಗುವುದಿಲ್ಲ.

ಕಾನೂನು ಮತ್ತು ನಮ್ಮ ಎಚ್ಚರ

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ, ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಡಾಂಬರು, ಕಾಂಕ್ರೀಟ್ ಹಾಕುವಂಥ ನಿಲ್ಲಿಸಲಾಗದ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ, ಆಗಲೂ ನೀರು, ನೆರಳು ಕೊಡಲೇಬೇಕು. ಮುರಿದ ಕಂಪನಿಗೆ ಒಬ್ಬ ಕೆಲಸಗಾರನಿಗೆ 5,000 ದಿರ್ಹಮ್‌ನಂತೆ 50,000ದವರೆಗೆ ದಂಡ. ದೂರು ಕೊಡಲು ಕಾರ್ಮಿಕ ಸಚಿವಾಲಯದ ನಂಬರ್ 600590000.

ಈ ನಿಯಮ ನೋಡುವುದು ಗಡಿಯಾರವನ್ನು. ಕತಾರ್‌ನಲ್ಲಿ 2021ರಿಂದ ಗಡಿಯಾರದ ಜೊತೆಗೆ ಬಿಸಿಲು, ಗಾಳಿ, ತೇವಾಂಶ ಮೂರನ್ನೂ ಸೇರಿಸಿದ ಅಳತೆ 32.1 ದಾಟಿದರೆ ಯಾವ ಹೊತ್ತಾದರೂ ಹೊರಗಿನ ಕೆಲಸ ನಿಲ್ಲಿಸಬೇಕು. ಇಲ್ಲಿ ಮೂರರ ನಂತರದ, ರಾತ್ರಿ ಪಾಳಿಯ ಸೆಕೆಗೆ ನಮ್ಮ ಎಚ್ಚರವೇ ಕಾವಲು:

ಜುಲೈಯಲ್ಲಿ ಊರಿನ ಮಳೆಯಿಂದ ರಜೆ ಮುಗಿಸಿ ಬಂದವರ ಮೈ ಈ ಬಿಸಿಯನ್ನು ಮರೆತಿರುತ್ತದೆ. ಮತ್ತೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಅರ್ಧ ಕೆಲಸ, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ ಎಂದು ಫೋರ್‌ಮ್ಯಾನ್ ಹತ್ತಿರ ಕೇಳಿಕೊಳ್ಳಿ.

ಬಾಯಾರುವ ತನಕ ಕಾಯಬೇಡಿ. ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ನೀರು ಕಮ್ಮಿಯಾದರೆ ಪೆಟ್ಟು ಬೀಳುವುದು ಕಿಡ್ನಿಗೂ.

ಗಾಳಿ 40 ದಾಟಿದಾಗ ಫ್ಯಾನ್ ಒಂದೇ ಸಾಲದು, ಅದು ಬಿಸಿಗಾಳಿಯನ್ನೇ ಮೈಗೆ ಹೊಡೆಯುತ್ತದೆ. ಮೈ ಒದ್ದೆ ಮಾಡಿಕೊಳ್ಳಿ.

ಜೊತೆಗಾರನ ಮಾತು ತೊದಲಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ನಡಿಗೆ ತಪ್ಪಿದರೆ ‘ಸುಸ್ತಾಗಿದೆ, ಮಲಗಲಿ’ ಎಂದು ಬಿಡಬೇಡಿ. ಅದು ಹೀಟ್ ಸ್ಟ್ರೋಕ್ ಇರಬಹುದು. 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಿರಿ. ಅದು ಬರುವ ತನಕ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬೇಡಿ.

ಹೀಟ್ ಸ್ಟ್ರೋಕ್ ಆದವನಿಗೆ ತನಗೇನಾಗುತ್ತಿದೆ ಎಂದು ತಿಳಿಯುವುದಿಲ್ಲ, ಪಕ್ಕದಲ್ಲಿ ಇರುವವನಿಗೆ ತಿಳಿಯುತ್ತದೆ. ಹಾಗಾಗಿ ಸೆಕೆಯ ದಿನ ಒಬ್ಬರನ್ನೊಬ್ಬರು ನೋಡಿಕೊಳ್ಳಿ.