ಅಂಡ ಬಿಡುಗಡೆಯ ದಿನ ಯಾವುದು?

ಮದುವೆಯಾಗಿ ವರ್ಷ ತುಂಬುವುದರೊಳಗೆ ನೆಂಟರಿಷ್ಟರು “ಏನಾದರೂ ವಿಶೇಷ ಉಂಟೆ?” ಎಂದು ಕೇಳತೊಡಗುತ್ತಾರೆ. ಅವರು ಕೇಳುವುದಕ್ಕೆ ಮೊದಲೇ ಆ ಹೆಣ್ಣುಮಗಳು ತನ್ನನ್ನು ತಾನೇ ಹತ್ತು ಸಲ ಕೇಳಿಕೊಂಡಿರುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಮೊಬೈಲಿನಲ್ಲಿ ದಿನ ಎಣಿಸುವ ಆ್ಯಪ್ ಇಟ್ಟುಕೊಳ್ಳುತ್ತಾಳೆ. ಔಷಧಿಯ ಅಂಗಡಿಯಿಂದ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗಳನ್ನು ತರಿಸುತ್ತಾಳೆ. ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವರಿಗೆ ಇವುಗಳಿಂದ ಅಷ್ಟಿಷ್ಟು ನೆರವಾಗುವುದು ನಿಜ. ಆದರೆ ವೈದ್ಯರು ಪಿ.ಸಿ.ಓ.ಎಸ್. ಎಂದೂ, ಜನ ಸಾಮಾನ್ಯವಾಗಿ ಪಿ.ಸಿ.ಓ.ಡಿ. ಎಂದೂ ಹೇಳುವ ತೊಂದರೆ ಇದ್ದವರಿಗೆ ಇದೇ ಉಪಾಯಗಳು ದಾರಿ ತಪ್ಪಿಸಬಲ್ಲವು. ನಿಮಗೇ ಆಗಲಿ, ನಿಮ್ಮ ಮಗಳಿಗೋ ಸೊಸೆಗೋ ಆಗಲಿ ಈ ತೊಂದರೆ ಇದ್ದರೆ, ಅದು ಹೇಗೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಹೆಸರಿನ ವಿಚಾರ. 1935ರಲ್ಲಿ ಅಮೆರಿಕದ ಷಿಕಾಗೋ ನಗರದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಸ್ತ್ರೀಯರ ವಿವರವನ್ನು ಪ್ರಕಟಿಸಿದರು. ಅವರಿಗೆ ಮುಟ್ಟು ನಿಂತುಹೋಗಿತ್ತು ಇಲ್ಲವೆ ಅಪರೂಪವಾಗಿತ್ತು. ಅಂಡಾಶಯಗಳು ಊದಿ, ತುಂಬ ಗುಳ್ಳೆಗಳಿಂದ ಕೂಡಿದ್ದುವು. ಗುಳ್ಳೆ ಎಂಬ ಅರ್ಥದ ಆ ಹೆಸರು ಅಂದಿನಿಂದ ಅಂಟಿಕೊಂಡಿತು, ಅನೇಕರನ್ನು ಸುಮ್ಮನೆ ಹೆದರಿಸುತ್ತಲೂ ಬಂತು. ವಾಸ್ತವವಾಗಿ ಅವು ರೋಗದ ಗಡ್ಡೆಗಳಲ್ಲ. ಪ್ರತಿಯೊಂದೂ ಒಂದು ಅಂಡವನ್ನು ಹೊತ್ತ ಪುಟ್ಟ ಚೀಲ. ಸಾಧಾರಣವಾಗಿ ಪ್ರತಿ ತಿಂಗಳೂ ಇಂಥ ಹಲವು ಚೀಲಗಳು ಬೆಳೆಯಲು ಹೊರಟು, ಒಂದು ಮಾತ್ರ ಮುಂದಾಗಿ, ಸುಮಾರು 20 ಮಿಲಿಮೀಟರ್ ಗಾತ್ರಕ್ಕೆ ಬಂದು ಒಡೆದು, ಅಂಡವನ್ನು ಹೊರಗೆ ಬಿಡುತ್ತದೆ. ಪಿ.ಸಿ.ಓ.ಎಸ್. ಇದ್ದವರಲ್ಲಿ ಹಲವು ಚೀಲಗಳು ಹೊರಡುತ್ತವೆ, 10 ಮಿಲಿಮೀಟರ್ ಮುಟ್ಟುವ ಮೊದಲೇ ನಿಂತುಬಿಡುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್.ಎಚ್. ಎಂಬ ಹಾರ್ಮೋನು ಅನೇಕರಲ್ಲಿ ಹೆಚ್ಚಾಗಿರುತ್ತದೆ. ರಕ್ತದಲ್ಲಿ ಇನ್ಸುಲಿನ್ನೂ ಏರಿರುವುದುಂಟು. ಇವೆರಡೂ ಕೂಡಿ ಅಂಡಾಶಯದಲ್ಲಿ ಗಂಡು ಹಾರ್ಮೋನುಗಳನ್ನು ಹೆಚ್ಚಿಸುತ್ತವೆ. ಮೊಡವೆ, ಮುಖದ ಮೇಲಿನ ಕೂದಲು, ಇವುಗಳ ಮೂಲವೂ ಇದೇ. ಅಂಡಗಳಿಗೆ ಕೊರತೆಯಿಲ್ಲ. ಹೊರಡಲಿಕ್ಕೆ ಅಪ್ಪಣೆ ಸಿಕ್ಕುವುದಿಲ್ಲ, ಅಷ್ಟೆ.

ಈಗ ದಿನದ ಲೆಕ್ಕಕ್ಕೆ ಬರೋಣ. “ಮುಟ್ಟಾದ ಹದಿನಾಲ್ಕನೆಯ ದಿನ” ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಇದಕ್ಕೆ ಆಧಾರವಾದ ಸಂಶೋಧನೆಯನ್ನು ಜಪಾನಿನ ಓಗಿನೊ ಎಂಬ ವೈದ್ಯರು 1924ರಲ್ಲಿ ಪ್ರಕಟಿಸಿದರು. ಆದರೆ ಅವರು ಹೇಳಿದ್ದು ಹದಿನಾಲ್ಕನೆಯ ದಿನವೆಂದಲ್ಲ. ಅಂಡ ಹೊರಬರುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು ಅವರು ಹೇಳಿದರು. ಅಂದರೆ ಎಣಿಕೆ ಮುಂದಿನಿಂದ ಹಿಂದಕ್ಕೆ. 28 ದಿನದ ಸರದಿ ಇದ್ದವರಿಗೆ ಎರಡೂ ಒಂದೇ ಆಗುವುದರಿಂದ ಈ ವ್ಯತ್ಯಾಸ ಮರೆತೇ ಹೋಯಿತು.

ಒಬ್ಬ ಹೆಣ್ಣುಮಗಳಿಗೆ ಒಂದು ಸಲ 34 ದಿನಕ್ಕೆ, ಮತ್ತೊಮ್ಮೆ 52ಕ್ಕೆ, ಆಮೇಲೆ 41ಕ್ಕೆ ಮುಟ್ಟು ಬಂತೆನ್ನಿ. ಪ್ರತಿ ಸಲವೂ ಅಂಡ ಹೊರಬಂದದ್ದೇ ಆದರೆ, ಅದು ಹೊರಬಂದದ್ದು ಸುಮಾರು 20ನೆಯ, 38ನೆಯ ಹಾಗೂ 27ನೆಯ ದಿನ. ಹದಿನಾಲ್ಕನೆಯ ದಿನವನ್ನು ನಂಬಿ ಕುಳಿತವಳಿಗೆ ಮೂರೂ ಸಲ ಕೈತಪ್ಪಿತು. ಮೊಬೈಲಿನ ಲೆಕ್ಕವೂ ಹಿಂದಿನ ಸರದಿಗಳ ಸರಾಸರಿಯಿಂದ ಮುಂದಿನದನ್ನು ಊಹಿಸುವುದೇ ಆದರೆ, ಇಲ್ಲಿ ಏನೂ ಹೇಳಲಾರದು. ಹಿಂದಿನಿಂದ ಎಣಿಸೋಣವೆಂದರೆ ಮುಂದಿನ ಮುಟ್ಟಿನ ದಿನ ಯಾರಿಗೆ ಗೊತ್ತು?

ಇನ್ನು ಮೂತ್ರದ ಪಟ್ಟಿ. ಅಂಡ ಹೊರಬರುವುದಕ್ಕೆ ಒಂದು, ಒಂದೂವರೆ ದಿನ ಮೊದಲು ಎಲ್.ಎಚ್. ಥಟ್ಟನೆ ಏರುತ್ತದೆ, ಪಟ್ಟಿ ಅದನ್ನೇ ಹಿಡಿದು ಗೆರೆ ಮೂಡಿಸುತ್ತದೆ. ಎಲ್.ಎಚ್. ಮೊದಲಿನಿಂದಲೂ ಎತ್ತರದಲ್ಲೇ ಇರುವವರಿಗೆ ಆ ಗೆರೆ ದಿನವೂ ಗಾಢವಾಗಿ ಮೂಡಬಹುದು. ಕೆಲವು ಸಲ ನಿಜವಾಗಿಯೇ ಏರಿದರೂ ಚೀಲ ಒಡೆಯದೆ ಹೋಗುವುದುಂಟು. ತಿಂಗಳಿಗೆ ಒಂದು ಡಬ್ಬಿ ಪಟ್ಟಿ ಮುಗಿಸಿ, ಗೆರೆ ಬಂದಿತೆಂದು ಹಿಗ್ಗಿ, ಹದಿನೈದು ದಿನದ ಮೇಲೆ ಕುಗ್ಗುವವರು ಬಹಳ ಮಂದಿ. ತಪ್ಪು ಅವರದಲ್ಲ. ಆ ಪಟ್ಟಿಯನ್ನು ಅಳತೆ ಮಾಡಿ ತಯಾರಿಸಿದ್ದೇ ಬೇರೆಯವರ ದೇಹಕ್ಕೆ.

ಯೋನಿಸ್ರಾವವನ್ನು ಗಮನಿಸುವುದು ದುಡ್ಡಿಲ್ಲದ ಉಪಾಯ. ಅಂಡ ಬಲಿಯುವ ದಿನಗಳಲ್ಲಿ ಸ್ರಾವ ತಿಳಿಯಾಗಿ, ಜಾರುವಂತೆ, ಎಳೆದರೆ ಎಳೆಯಾಗಿ ಬರುತ್ತದೆ. ಮೊಟ್ಟೆಯ ಬಿಳಿಯಂತೆ ಎಂದು ಪುಸ್ತಕಗಳು ಹೇಳುತ್ತವೆ; ಮೊಟ್ಟೆ ಮುಟ್ಟದ ಮನೆಯವರು ಬೆಂಡೆಕಾಯಿಯ ಲೋಳೆಯನ್ನು ನೆನೆದರೆ ಸಾಕು. ಪಿ.ಸಿ.ಓ.ಎಸ್. ಇದ್ದವರಲ್ಲಿ ಚೀಲಗಳು ಬೆಳೆಯಲು ಹೊರಟು ನಿಲ್ಲುವುದರಿಂದ ಇಂಥ ಸ್ರಾವ ಒಂದೇ ಸರದಿಯಲ್ಲಿ ಎರಡು ಮೂರು ಸಲ ಬಂದು ಹೋಗಬಹುದು. ಆದ್ದರಿಂದ ಅದು ಕಂಡಾಗ ದಂಪತಿಗಳು ಕೂಡುವುದು ಸರಿ. ಅಂಡ ಹೊರಬಂದೇ ಬಂತೆಂದು ತೀರ್ಮಾನಿಸುವುದು ಸರಿಯಲ್ಲ.

ಬೆಳಗಿನ ಮೈಯುಷ್ಣದ ಸಂಗತಿ ಬೇರೆ. ಅಂಡ ಹೊರಬಂದ ಮೇಲೆ ಒಡೆದ ಚೀಲದಿಂದ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಹೊರಟು, ಮೈಯುಷ್ಣ ಸೆಲ್ಸಿಯಸ್ ಮಾನದಲ್ಲಿ 0.3ರಿಂದ 0.5 ಡಿಗ್ರಿಯಷ್ಟು ಏರಿ, ಮುಂದಿನ ಮುಟ್ಟಿನವರೆಗೂ ಹಾಗೆಯೇ ನಿಲ್ಲುತ್ತದೆ. ದಿನವೂ ಒಂದೇ ಹೊತ್ತಿಗೆ, ಹಾಸಿಗೆಯಿಂದ ಏಳುವ ಮೊದಲೇ, ದಶಾಂಶ ತೋರಿಸುವ ಥರ್ಮಾಮೀಟರಿನಿಂದ ನೋಡಿ ಬರೆದಿಡಬೇಕು. ಐದು ಗಂಟೆಗೇ ಎದ್ದು ಒಲೆ ಹಚ್ಚಬೇಕಾದವಳಿಗೆ ಇದು ಸುಲಭವಲ್ಲ; ದಿಂಬಿನ ಕೆಳಗಿನ ಥರ್ಮಾಮೀಟರನ್ನು ಕಂಡು ಅತ್ತೆ “ಜ್ವರವೇನಮ್ಮಾ?” ಎಂದರೆ ಉತ್ತರವೂ ಕಷ್ಟ. ನಿದ್ದೆಗೆಟ್ಟ ರಾತ್ರಿ, ನೆಗಡಿ, ರಾತ್ರಿ ಪಾಳಿಯ ಕೆಲಸ, ಎಲ್ಲವೂ ಲೆಕ್ಕ ಕೆಡಿಸುತ್ತವೆ. ಅಲ್ಲದೆ ಏರಿಕೆ ಕಾಣುವ ಹೊತ್ತಿಗೆ ಬಸ್ಸು ಹೊರಟಾಗಿರುತ್ತದೆ, ಏಕೆಂದರೆ ಅಂಡದ ಆಯುಸ್ಸು ಹೆಚ್ಚೆಂದರೆ ಒಂದು ದಿನ.

ಹಾಗಾದರೆ ಇದರಿಂದ ಪ್ರಯೋಜನವೇನು? ಇಲ್ಲಿಯೇ ನಾನು ಮುಖ್ಯವಾಗಿ ಹೇಳಬೇಕಾದ ಮಾತಿರುವುದು. ಪಿ.ಸಿ.ಓ.ಎಸ್. ಇದ್ದವರು ಕೇಳಬೇಕಾದ ಮೊದಲ ಪ್ರಶ್ನೆ “ಯಾವ ದಿನ?” ಎಂಬುದಲ್ಲ, “ಅಂಡ ಹೊರಬರುತ್ತಿದೆಯೆ, ಇಲ್ಲವೆ?” ಎಂಬುದು. ಮುಟ್ಟು ಬಂದ ಮಾತ್ರಕ್ಕೆ ಅಂಡ ಬಂದಿತೆಂದು ಅರ್ಥವಲ್ಲ. ಅಂಡವೇ ಇಲ್ಲದೆಯೂ ರಕ್ತಸ್ರಾವವಾಗುತ್ತದೆ. ಮಾತ್ರೆ ನುಂಗಿ ತರಿಸಿಕೊಂಡ ಮುಟ್ಟಂತೂ ಸಾಕ್ಷಿಯೇ ಅಲ್ಲ. ಎರಡು ಮೂರು ಸರದಿಗಳ ಉಷ್ಣದ ಪಟ್ಟಿಯಲ್ಲಿ ಏರಿಕೆ ಎಲ್ಲಿಯೂ ಇಲ್ಲವೆಂದರೆ ಅದು ವೈದ್ಯರಿಗೆ ತೋರಿಸಬೇಕಾದ ಕಾಗದ. ಪ್ರೊಜೆಸ್ಟರೋನನ್ನು ರಕ್ತದಲ್ಲಿಯೂ ಅಳೆಯಬಹುದು. ಇದನ್ನು 21ನೆಯ ದಿನದ ಪರೀಕ್ಷೆ ಎನ್ನುವ ರೂಢಿಯಿದೆ. ಅದು 28 ದಿನದವರಿಗೆ ಹೊಂದುವ ಮಾತು. ಮುಟ್ಟಿಗೆ ಸುಮಾರು ಒಂದು ವಾರ ಮೊದಲು ಅಳೆಯಬೇಕು ಎಂಬುದೇ ಇದರ ತಿರುಳು. ಮೇಲೆ ಹೇಳಿದ 52 ದಿನದ ಸರದಿಯಲ್ಲಿ ಸರಿಯಾದ ದಿನ 45ನೆಯದು. 21ರಂದು ರಕ್ತ ಕೊಟ್ಟು “ಅಂಡವಿಲ್ಲ” ಎನ್ನಿಸಿಕೊಂಡರೆ ಅದು ಅನ್ಯಾಯ. ಅನಿಯತ ಮುಟ್ಟಿನವರು ವಾರಕ್ಕೊಮ್ಮೆ ಮತ್ತೆ ಅಳೆಸಬೇಕಾಗಬಹುದು, ಇಲ್ಲವೆ ಸ್ಕ್ಯಾನಿಂಗಿನಲ್ಲಿ ಚೀಲದ ಬೆಳವಣಿಗೆಯನ್ನು ನೋಡಿಸಬೇಕಾಗಬಹುದು.

ದಿನ ಹುಡುಕುವ ಕಾಟದಿಂದ ಪಾರಾಗುವ ದಾರಿಯೂ ಒಂದಿದೆ. ಅಮೆರಿಕದಲ್ಲಿ 221 ಮಂದಿ ಸ್ತ್ರೀಯರನ್ನು ಅನುಸರಿಸಿ 1995ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗರ್ಭ ನಿಂತದ್ದೆಲ್ಲ ಅಂಡ ಹೊರಬಂದ ದಿನ ಮತ್ತು ಅದರ ಹಿಂದಿನ ಐದು ದಿನಗಳ ಕೂಟದಿಂದ ಮಾತ್ರ ಎಂದು ಕಂಡುಬಂತು. ಪುರುಷನ ವೀರ್ಯಾಣು ಐದು ದಿನದವರೆಗೂ ಜೀವ ಹಿಡಿದು ಕಾಯಬಲ್ಲುದು. ಆದ್ದರಿಂದ ಸರದಿಯುದ್ದಕ್ಕೂ ಎರಡು ಮೂರು ದಿನಕ್ಕೊಮ್ಮೆ ದಂಪತಿಗಳು ಕೂಡುತ್ತಿದ್ದರೆ, ಅಂಡ ಯಾವಾಗ ಬಂದರೂ ಅದನ್ನು ಎದುರುಗೊಳ್ಳುವವರು ಇದ್ದೇ ಇರುತ್ತಾರೆ. ಗಡಿಯಾರ ನೋಡಿ ಹಾಸಿಗೆಗೆ ಹೋಗುವುದಕ್ಕಿಂತ ದಾಂಪತ್ಯಕ್ಕೂ ಇದು ಹಿತ.

ವೈದ್ಯರನ್ನು ಕಾಣುವುದು ಯಾವಾಗ? ಮುಟ್ಟು ನೆಟ್ಟಗಿರುವವರಿಗೆ ಒಂದು ವರ್ಷ, 35 ದಾಟಿದವರಿಗೆ ಆರು ತಿಂಗಳು ನೋಡಿ ಎನ್ನುತ್ತಾರೆ. ಮುಟ್ಟು 35 ದಿನ ಮೀರಿ ಮೀರಿ ಬರುವವರು ಅಷ್ಟು ಕಾಯಬೇಕಾಗಿಲ್ಲ. ಮೂರು ತಿಂಗಳು ಮುಟ್ಟೇ ಇಲ್ಲವೆಂದರೆ, ಮಗು ಬೇಕಿರಲಿ ಬೇಡವಿರಲಿ, ತೋರಿಸಲೇಬೇಕು. ಗರ್ಭಕೋಶದ ಒಳಪದರ ದಪ್ಪಗಾಗುತ್ತ ಹೋಗುವುದು ಒಳ್ಳೆಯದಲ್ಲ. ಥೈರಾಯಿಡ್, ಸಕ್ಕರೆ ಇವುಗಳನ್ನೂ ಪರೀಕ್ಷಿಸುತ್ತಾರೆ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲೇ ಆರಂಭಿಸಬೇಕು. ಕೆಲವರಿಗೆ ವೈದ್ಯರು ಹೆಚ್ಚು ಪ್ರಮಾಣ ಹೇಳುವುದುಂಟು. ತೂಕ ಹೆಚ್ಚಿದ್ದವರು ಅದರಲ್ಲಿ ನೂರಕ್ಕೆ ಐದರಷ್ಟು ಇಳಿಸಿದರೂ ಕೆಲವರಿಗೆ ಅಂಡ ತಾನಾಗಿ ಹೊರಬರತೊಡಗುತ್ತದೆ. ಸಣಕಲು ಮೈಯವರಿಗೂ ಈ ತೊಂದರೆ ಇರುವುದರಿಂದ, ತೂಕವೊಂದನ್ನೇ ದೂರುತ್ತ ಕೂರುವುದು ತರವಲ್ಲ.

ಅಂಡ ಹೊರಬರುತ್ತಿಲ್ಲವೆಂದು ಖಚಿತವಾದರೆ ಇಂದು ಮೊದಲು ಕೊಡುವ ಔಷಧ ಲೆಟ್ರೊಜೋಲ್. 750 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ಇದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 27.5 ಮಂದಿಗೆ ಮಗುವಾಯಿತು. ಹಳೆಯ ಔಷಧವಾದ ಕ್ಲೊಮಿಫೀನ್ ತೆಗೆದುಕೊಂಡವರಲ್ಲಿ 19.1 ಮಂದಿಗೆ. ಡಬ್ಬಿಯೊಳಗಿನ ಚೀಟಿಯಲ್ಲಿ ಸ್ತನದ ಕ್ಯಾನ್ಸರಿನ ಔಷಧವೆಂದು ಓದಿ ಗಾಬರಿಯಾಗುವವರಿದ್ದಾರೆ. ಅದು ಮೊದಲು ಬಂದದ್ದು ಆ ಕೆಲಸಕ್ಕೇ. ಬಂಜೆತನದ ಚಿಕಿತ್ಸೆಗೆ ಬಳಸಬಾರದೆಂದು ಭಾರತ ಸರ್ಕಾರ 2011ರಲ್ಲಿ ತಡೆ ಹಾಕಿ, 2017ರಲ್ಲಿ ಆ ತಡೆಯನ್ನು ತೆಗೆಯಿತು. ಮುಟ್ಟಿನ ಆರಂಭದ ದಿನಗಳಲ್ಲಿ ಐದು ದಿನ ನುಂಗುವ ಮಾತ್ರೆ ಇದು. ವೈದ್ಯರ ಕಣ್ಗಾವಲಿಲ್ಲದೆ, ಪಕ್ಕದ ಮನೆಯವರಿಗೆ ಫಲಿಸಿತೆಂದು ತರಿಸಿ ನುಂಗುವಂಥದಲ್ಲ. ಒಳಗೆ ಗರ್ಭ ನಿಂತಿಲ್ಲವೆಂದು ನೋಡಿಕೊಂಡೇ ಆರಂಭಿಸಬೇಕು.

ಈ ಮಾತ್ರೆಗೆ ಕೈಹಾಕುವ ಮೊದಲು ಗಂಡನ ವೀರ್ಯ ಪರೀಕ್ಷೆಯಾಗಲಿ. ಹೆಂಡತಿಗೆ ಪಿ.ಸಿ.ಓ.ಎಸ್. ಎಂದು ಗೊತ್ತಾದೊಡನೆ ಕಾರಣ ಸಿಕ್ಕಿತೆಂದು ಮನೆಯವರೆಲ್ಲ ಸುಮ್ಮನಾಗುತ್ತಾರೆ, ಅವಳೊಬ್ಬಳೇ ಪ್ರಯೋಗಶಾಲೆಗಳ ಮೆಟ್ಟಿಲು ಹತ್ತುತ್ತಿರುತ್ತಾಳೆ. ಎರಡು ತೊಂದರೆಗಳು ಒಂದೇ ಮನೆಯಲ್ಲಿ ಇರಬಾರದೆಂದೇನೂ ಇಲ್ಲ. ಈ ಪರೀಕ್ಷೆಗೆ ಸೂಜಿಯಿಲ್ಲ, ಖರ್ಚೂ ಹೆಚ್ಚಲ್ಲ, ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಒಂದು ಬೆಳಿಗ್ಗೆ ಹೋಗಿ ಬಂದರಾಯಿತು.